ತೆಗಿ ಅಂದ್ರೆ ತೆಗಿಯುತ್ತೆ

ಆ ಮಾತು ಹೇಳಿದ್ದು ನಮ್ಮ ಆಫೀಸಿನ ಮಾಲೀಕನೇ ಎಂದು ನನ್ನ ನೆನಪು ಹೇಳುತ್ತದೆ. ಆತ ನಮ್ಮ ಬೆನ್ನ ಹಿಂದೆ ನಿಂತಿದ್ದ. ಕೈಯಲ್ಲಿ ಮೊಟ್ಟೆ ಪಫ್ ಇತ್ತು. ಅದರ ಚೂರುಗಳು ನನ್ನ ಭುಜದ ಮೇಲೆ ಉದುರುತ್ತಿದ್ದವು. ಬಾಯಿ ತುಂಬಿಕೊಂಡೇ, "ತೆಗಿ ಅಂದ್ರೆ ಡಿಲೀಟು ಅಂತ ಹಾಕಮ್ಮಾ, ಅದ್ರಾಗೇನೈತೆ" ಅಂದ. ಚೂರು ಉದುರಿದ ಭುಜ ಎಡದ್ದು ಎಂಬುದೂ ನೆನಪಿದೆ. ತೊಂದರೆ ಏನೆಂದರೆ ಅಂದು ಗುರುವಾರ, ಗುರುವಾರ ಆತ ಮೊಟ್ಟೆ ಮುಟ್ಟುವುದಿಲ್ಲ. ಮುಟ್ಟುವುದಿಲ್ಲ ಎನ್ನುವುದನ್ನು ಇಡೀ ರಾಬರ್ಟ್‌ಸನ್‌ಪೇಟೆಗೆ ಕೇಳುವ ಹಾಗೆ ವಾರವಾರವೂ ಸಾರುತ್ತಾನೆ. ಹಾಗಾದರೆ ಪಫ್ ಸುಳ್ಳೋ, ಗುರುವಾರ ಸುಳ್ಳೋ, ಮಾತೇ ಸುಳ್ಳೋ ಗೊತ್ತಿಲ್ಲ. ನೆನಪು ನಮ್ಮ ಮಾಲೀಕನ ಹಾಗೆಯೇ. ತಿಳಿಯದ್ದನ್ನು ಹೇಳುವಾಗ ಅದರ ದನಿ ಇನ್ನೂ ಗಟ್ಟಿಯಾಗುತ್ತದೆ.

ನಮ್ಮ ಆಫೀಸು ಇದ್ದದ್ದು ಪೇಟೆಯ ಬಸ್ಸು ನಿಲ್ಲುವ ಜಾಗದ ಎದುರು, ಮೊಬೈಲ್ ರಿಪೇರಿ ಅಂಗಡಿಯ ಮೇಲೆ. ಮೂರು ಕುರ್ಚಿ, ನಾಲ್ಕನೆಯದು ಮುರಿದದ್ದು. ಗಾಳಿ ಎದ್ದ ದಿನ ಮುಚ್ಚಿದ ಚಿನ್ನದ ಗಣಿಯ ಸೈನೈಡ್ ದಿಬ್ಬದ ಬೂದು ಪುಡಿ ಕಿಟಕಿಯ ಸಂದಿಯಿಂದ ಬಂದು ಕೀಲಿಮಣೆಯ ಮೇಲೆ ಕೂರುತ್ತಿತ್ತು. ಒರೆಸಿದರೆ ಇನ್ನಷ್ಟು ಒಳಗೆ ಹೋಗುತ್ತಿತ್ತು. ಮಾಲೀಕ ಇದಕ್ಕೆ "ಇನ್ನೋವೇಶನ್ ಸೆಂಟರ್" ಎಂಬ ಬೋರ್ಡು ಹಾಕಿಸಿದ್ದ. ಬಂಗಾರಪೇಟೆ ಕಡೆಯ ಜಮೀನುದಾರರ ಮನೆಯವನು. ಕಂಪ್ಯೂಟರಿನ ಬಗ್ಗೆ ಆತನಿಗೆ ಗೊತ್ತಿದ್ದದ್ದು ಎರಡೇ ಸಂಗತಿ: ಒಂದು, ಅದರಿಂದ ಊರಲ್ಲಿ ಹೆಸರು ಬರುತ್ತದೆ, ಇನ್ನೊಂದು, ಅದನ್ನು ಆನ್ ಮಾಡುವುದು ಬೇರೆಯವರ ಕೆಲಸ. ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದ್ದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು "ಪ್ರೊಫೆಸರ್ರೇ" ಎಂದು ಕರೆಯುತ್ತಿದ್ದ. ಆ ಕರೆಯಲ್ಲಿ ಗೌರವದ ಲವಲೇಶವೂ ಇರಲಿಲ್ಲ. ಮದುವೆ ಮನೆಯಲ್ಲಿ ಕೆಲಸವಿಲ್ಲದೆ ಕೂತ ಮುದುಕನನ್ನು "ಹಿರಿಯರೇ" ಎನ್ನುತ್ತಾರಲ್ಲ, ಅದೇ ದನಿ.

ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಒಬ್ಬಳೇ. ಉರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿದ ಹೆಂಗಸು, ಮನೆಮಾತು ತಮಿಳು. ಕನ್ನಡವನ್ನು ಶಾಲೆಯಲ್ಲಿ ಕಲಿತು, ಅಂಕಪಟ್ಟಿಯಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಪಡೆದು, ಪಠ್ಯಪುಸ್ತಕದ ಹಾಗೇ ಮಾತಾಡುತ್ತಿದ್ದಳು. ನಾನು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬಂದು ಆಕೆ ಮಾಡಿದ್ದನ್ನು ಪರೀಕ್ಷಿಸುತ್ತಿದ್ದೆ. ಅಂದರೆ ಆಕೆ ಕಟ್ಟಿದ್ದನ್ನು ಕೆಡವಲು ನೋಡುವುದೇ ನನ್ನ ಉದ್ಯೋಗ. ಈ ಉದ್ಯೋಗಕ್ಕೆ ಬೇಕಾದ ಸ್ವಭಾವ ನನಗೆ ಹುಟ್ಟಿನಿಂದ ಇದೆ ಎಂದು ಮನೆಯವರು ಹೇಳುತ್ತಾರೆ.

ನಾವು ಮಾಡುತ್ತಿದ್ದ ವಸ್ತು ಇಷ್ಟೇ. ಪ್ರೋಗ್ರಾಂ ಬರೆಯುವವರ ಪರದೆಯ ಪಕ್ಕದಲ್ಲಿ ಈಗ ಒಂದು ಸಹಾಯಕ ಕೂತಿರುತ್ತದೆ. ಬರಿ ಎಂದರೆ ಬರೆಯುತ್ತದೆ, ತಪ್ಪು ಹುಡುಕು ಎಂದರೆ ಹುಡುಕುತ್ತದೆ, ಕಡತವನ್ನು ತೋರಿಸುತ್ತದೆ, ಬೇಡ ಎಂದರೆ ಅಳಿಸುತ್ತದೆ. ಆ ಸಹಾಯಕ ಯಾರದೋ ದೊಡ್ಡವರದು. ನಾವು ಅದಕ್ಕೆ ಅಂಟಿಸುವ ಒಂದು ಪ್ಲಗಿನ್ ಮಾಡುತ್ತಿದ್ದೆವು: ಕನ್ನಡದಲ್ಲಿ ಹೇಳಿದರೂ ಕೇಳುವ ಹಾಗೆ. ಯಾವ ಕನ್ನಡ ಪದಕ್ಕೆ ಯಾವ ಕೆಲಸ ಮಾಡಬೇಕೆಂದು ಸರಳ ವಾಕ್ಯಗಳಲ್ಲಿ ಅದಕ್ಕೆ ಬರೆದು ಕೊಡುವುದೇ ಪ್ಲಗಿನ್ನಿನ ಹೊಟ್ಟೆ. "ಅಳಿಸು, ತೆಗೆ, ಕಿತ್ತುಹಾಕು: ಇವು ಬಂದರೆ ಕಡತವನ್ನು ಅಳಿಸು" ಎಂದು ಒಂದು ವಾಕ್ಯ ಅದರಲ್ಲಿತ್ತು. ಏನೂ ಹೇಳದೆ ಬಿಟ್ಟಿದ್ದರೆ ಆ ಸಹಾಯಕ ಸಂದರ್ಭ ನೋಡಿ ತಾನೇ ಸರಿಯಾಗಿ ಊಹಿಸುತ್ತಿತ್ತೇನೋ. ನಾವು ಕಲಿಸಿ ಕೆಡಿಸಿದೆವು.

ಅಳಿಸುವ ಮುಂಚೆ "ಖಚಿತವೇ?" ಎಂದು ಕೇಳುವುದು ಇಂಥ ಯಂತ್ರಗಳ ರೂಢಿ. ಮಾಲೀಕ ಅದನ್ನು ಮೊದಲೇ ಕೀಳಿಸಿದ್ದ. "ಮನೇಲಿ ಹೆಂಡ್ತಿ ಕೇಳೋದು ಸಾಲ್ದಾ? ಹೇಳಿದ್ ಮಾಡ್ಬೇಕು, ಬಾಯ್ ಮುಚ್ಕೊಂಡು."

ಬಂಗಾರಪೇಟೆಯ ಒಂದು ಖಾಸಗಿ ಕಾಲೇಜಿನ ಲ್ಯಾಬಿನಲ್ಲಿ ಮುಂದಿನ ಸೋಮವಾರದಿಂದ ಇದನ್ನು ಹಾಕಿಸುವುದೆಂದು ಆತ ಮಾತು ಕೊಟ್ಟು ಬಂದಿದ್ದ. ಕೊನೆ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳೆಲ್ಲ ಆ ಯಂತ್ರಗಳಲ್ಲೇ ಇದ್ದವು. ಅಲ್ಲಿಯವರೆಗೆ ನನಗೆ ಇದು ಮಾಮೂಲು ತಮಾಷೆ. ತಮಾಷೆ ಅಲ್ಲ ಎನಿಸಿದ್ದು, ಆತ ಬಹಳ ದೊಡ್ಡ ಮನಸ್ಸಿನಿಂದ, "ಮಾಡಿದ್ದು ಯಾರು ಅನ್ನೋ ಜಾಗದಾಗೆ ನಿನ್ ಹೆಸ್ರೇ ಹಾಕ್ಕಳಮ್ಮಾ" ಎಂದು ಆಕೆಗೆ ಹೇಳಿದಾಗ.

ಆಕೆ ಓದಿದ್ದು ಅದೇ ಕಾಲೇಜಿನಲ್ಲಿ. ಅಲ್ಲಿ ಯಾರೋ ಒಬ್ಬ ಮೇಷ್ಟರು ತರಗತಿಯ ಎದುರೇ, ಲೈನ್ ಮನೆಯ ಹುಡುಗಿಗೆ ಪ್ರೋಗ್ರಾಮಿಂಗ್ ಯಾಕೆ, ಟೈಲರಿಂಗ್ ಕಲಿ ಎಂದಿದ್ದನಂತೆ. ಈಗ ಅದೇ ಲ್ಯಾಬಿನ ಪ್ರತಿ ಪರದೆಯಲ್ಲೂ ಆಕೆಯ ಹೆಸರು. ಆಕೆ ಕುಣಿಯಲಿಲ್ಲ, ಕುಣಿಯುವವಳಲ್ಲ. ಆದರೆ ಅಂದು ಮಧ್ಯಾಹ್ನ ಊಟದ ಡಬ್ಬಿ ತೆಗೆಯದೆ ಹೆಸರಿನ ಅಕ್ಷರಗಳನ್ನು ಹಾಕಿ, ಅಳಿಸಿ, ಇನಿಷಿಯಲ್ಲು ಮುಂದೆ ಬರಬೇಕೋ ಹಿಂದೆ ಬರಬೇಕೋ ಎಂದು ನನ್ನನ್ನು ಕೇಳಿದಳು. ಮಾಲೀಕನ ಔದಾರ್ಯದ ಅರ್ಥ ನನಗೆ ಆಗಲೇ ಗೊತ್ತಿತ್ತು. ಕೆಲಸ ಕೆಟ್ಟರೆ ಬೈಗುಳ ಹೋಗಿ ಸೇರಬೇಕಾದ ವಿಳಾಸ ಅದು. ಚೆನ್ನಾಗಿ ಆದರೆ ಬೋರ್ಡು ಹೇಗೂ ಆತನದೇ.

ಬಿಡುಗಡೆಗೆ ಮುಂಚೆ ಇಂಥದ್ದನ್ನು ನಮ್ಮದೇ ಯಂತ್ರದಲ್ಲಿ ಓಡಿಸಿ ನೋಡಬೇಕು. ಪ್ಲಗಿನ್ನುಗಳ ಆನ್‌ಲೈನ್ ಅಂಗಡಿಯಿಂದ ಇಳಿಸಿಕೊಳ್ಳದೆ, ನಮ್ಮ ಫೋಲ್ಡರಿನಿಂದಲೇ ನೇರವಾಗಿ ಎತ್ತಿ ಹಾಕಿ ನೋಡುವುದು. ಇದಕ್ಕೆ ಲೋಕಲ್ ಟೆಸ್ಟಿಂಗ್ ಎನ್ನುತ್ತಾರೆ. ಮಾಲೀಕನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು.

"ಲೋಕಲ್ ಟೆಸ್ಟಿಂಗಾ? ಲೋಕಲ್ ಯಾಕ್ರೀ ಪ್ರೊಫೆಸರ್ರೇ, ಒಳ್ಳೇದೇ ಮಾಡ್ರಿ. ನಮ್ದೇನ್ ಲೋಕಲ್ ಕಂಪ್ನಿನಾ?"

"ಲೋಕಲ್ ಅಂದರೆ ಇಲ್ಲೇ, ನಮ್ಮ ಯಂತ್ರದಲ್ಲಿ ಸಾರ್."

"ಅದೇ ಏಳ್ತಿರೋದು. ಕಾಲೇಜ್‌ನೋರ್ ಮುಂದೆ ಲೋಕಲ್ ಗೀಕಲ್ ಅನ್ಬ್ಯಾಡಿ. ಲೋಕಲ್ ಬ್ಯಾಟ್ರಿ, ಲೋಕಲ್ ಚಾರ್ಜರು ಅಂತ ಕೆಳಗಡೆ ಅಂಗ್ಡೀಲಿ ಬೈಕೊಂಡು ಬತ್ತಾರೆ ಜನ."

ಕೊನೆಗೆ ನಾವು ಅದನ್ನು "ಆಂತರಿಕ ಪರೀಕ್ಷೆ" ಎಂದು ಕರೆದೆವು. ಪರೀಕ್ಷೆ ಎಂದ ಮೇಲೆ ಆತನಿಗೆ ಖುಷಿಯಾಯಿತು.

ಆ ಗುರುವಾರವಿಡೀ ನಾನು ಪರೀಕ್ಷಿಸಿದೆ. ವಾಕ್ಯಗಳನ್ನು ಬರೆದು ಕೊಟ್ಟಿದ್ದವಳು ಆಕೆಯೇ. "ದಯವಿಟ್ಟು ಈ ಕಡತವನ್ನು ತೆರೆ." ತೆರೆಯಿತು. "ಎರಡನೆಯ ಸಾಲಿನ ದೋಷವನ್ನು ಸರಿಪಡಿಸು." ಸರಿಪಡಿಸಿತು. "ಅನಗತ್ಯವಾದ ಕಡತವನ್ನು ಅಳಿಸು." ಅಳಿಸಿತು. ಎಲ್ಲ ಹಸಿರು, ಎಲ್ಲ ಪಾಸು. ನನಗೆ ಆ ಹಸಿರು ಕಂಡರೆ ಮೈ ಉರಿಯುತ್ತದೆ. ಅಂದು ಸಾಬೀತಾದದ್ದು ಇಷ್ಟೇ: ಯಂತ್ರಕ್ಕೆ ಏಳನೇ ತರಗತಿಯ ಕನ್ನಡ ಪಾಠ ಬಾಯಿಪಾಠವಾಗಿದೆ. ಕೋಲಾರ ಜಿಲ್ಲೆಯಲ್ಲಿ ಹುಟ್ಟಿದ ಯಾವ ಮನುಷ್ಯ ಪ್ರಾಣಿಯೂ ಕಡತವನ್ನು ತೆರೆ ಎನ್ನುವುದಿಲ್ಲ. ಇದನ್ನು ನಾನು ಆ ಸಂಜೆ ಬಾಯಿಬಿಟ್ಟು ಹೇಳಿದೆ ಎಂದೇ ನನಗೆ ಅನಿಸುತ್ತದೆ. ಹೇಳಲಿಲ್ಲ ಎನ್ನುತ್ತಾಳೆ ಆಕೆ. ಇರಬಹುದು. ಮನಸ್ಸಿನಲ್ಲಿ ಅಂದುಕೊಂಡ ಜಾಣತನವೆಲ್ಲ ಆಡಿದ ಮಾತಾಗಿ ಬದಲಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಬಿಡುಗಡೆ. ಹತ್ತೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಬಟನ್ ಒತ್ತಬೇಕೆಂದು ಆಜ್ಞೆಯಾಗಿತ್ತು. ನಾನು ಹೋಗುವ ಹೊತ್ತಿಗೆ ಆಕೆಯ ಕಂಪ್ಯೂಟರಿನ ಹಣೆಗೆ ಅರಿಶಿನ ಕುಂಕುಮ ಬಿದ್ದಿತ್ತು, ಮೌಸಿನ ಪಕ್ಕ ನಿಂಬೆಹಣ್ಣು ಕೂತಿತ್ತು. ಕಾಲೇಜಿನ ಲ್ಯಾಬು ನೋಡಿಕೊಳ್ಳುವವನೂ ಬಂದಿದ್ದ. ಕ್ಯಾಸಂಬಳ್ಳಿ ಕಡೆಯವನು, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಆಮೇಲೆ ಲ್ಯಾಬಿಗೆ ಬರುವವನು. ಲ್ಯಾಬಿನ ಬೀಗದ ಕೈ ಸೊಂಟದಲ್ಲಿ ನೇತಾಡಿಸಿಕೊಂಡಿದ್ದ. ಅದು ಸದ್ದು ಮಾಡುವ ಹಾಗೆ ನಡೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಬಂದವನೇ ಇದ್ದ ಒಂದು ಒಳ್ಳೆಯ ಕುರ್ಚಿಯಲ್ಲಿ ಕೂತ.

"ಲ್ಯಾಬ್ ಅಂದ್ರೆ ನಾನೇ ಸಾಮಿ. ಪ್ರಿನ್ಸಿಪಾಲ್ರು ಸೈನ್ ಹಾಕ್ತಾರೆ, ಅಷ್ಟೇ. ಎಲ್ಲಿ, ತೋರ್ಸಿ ನಿಮ್ ವಸ್ತುನ."

ಮಾದರಿಗೆಂದು ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟಿನ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತಂದಿದ್ದ. ಅದನ್ನು ನಮ್ಮ ಯಂತ್ರಕ್ಕೆ ಹಾಕಿಕೊಂಡೆವು. ಆಕೆ ಎದ್ದು ಜಾಗ ಬಿಟ್ಟಳು. ಮಾಲೀಕ, "ಕನ್ನಡದಾಗೇ ಏಳಿ, ಮನೇಲಿ ಮಾತಾಡ್ದಂಗೆ ಏಳಿ" ಎಂದ. ಲ್ಯಾಬಿನವನು ಒಂದೊಂದೇ ಅಕ್ಷರ ಹುಡುಕಿ ಒತ್ತಿದ: ಮೊದಲ್ನೇ ಫೈಲು ತೆಗಿ.

ಪರದೆ ಒಮ್ಮೆ ಮಿನುಗಿ ಖಾಲಿಯಾಯಿತು. "ಆಯಿತು" ಎಂದು ಒಂದು ಸಾಲು ಬಂತು.

"ನೋಡಿದ್ರಾ!" ಎಂದು ಮಾಲೀಕ ಚಪ್ಪಾಳೆ ತಟ್ಟಿದ. "ಅಂದ್ ತಕ್ಷಣ ತೆಗೀತು!"

ಲ್ಯಾಬಿನವನು ಖಾಲಿ ಪರದೆಯನ್ನು ಬಗ್ಗಿ ನೋಡಿದ. ಹುಬ್ಬು ಗಂಟಿಕ್ಕಿದ. ಆಮೇಲೆ ತೊಡೆ ತಟ್ಟಿ, "ಥೂ ಕಳ್ ನನ್ಮಗ್ನೇ!" ಎಂದ. ನಾವು ಬೆಚ್ಚಿದೆವು. "ಏನೂ ಬರ್ದೇ ಇಲ್ಲ ನೋಡಿ ಸಾಮಿ ಈ ಹುಡ್ಗ! ಖಾಲಿ ಫೈಲು! ಪ್ರಾಜೆಕ್ಟ್ ಮುಗೀತು ಸಾರ್ ಮುಗೀತು ಸಾರ್ ಅಂತ ದಿನಾ ಬಂದು ಹಲ್ ಕಿರೀತಾನೆ. ಸೋಮ್ವಾರ ಬರ್ಲಿ ಅವ್ನು, ಐತೆ."

"ಈಗಿನ್ ಹುಡುಗ್ರೇ ಅಂಗೆ ಬಿಡಿ," ಎಂದ ಮಾಲೀಕ. "ನಮ್ ಪ್ಲಗಿನ್ ಇದ್ದಿದ್ಕೆ ಸಿಕ್ಕಾಕ್ಕೊಂಡ."

ಇಬ್ಬರು ದೊಡ್ಡ ಮನುಷ್ಯರು ಅಳಿಸಿಹೋದ ಕೆಲಸದ ಖಾಲಿ ಜಾಗವನ್ನು ನೋಡಿ, ಅದನ್ನು ಮಾಡಿದವನನ್ನು ಸೋಮಾರಿ ಎಂದು ಬೈಯುತ್ತ ನಕ್ಕರು. ನಾನು ಹಲವು ಕಚೇರಿ ಬಿಟ್ಟು ಬಂದವನು, ಮೂರ್ಖತನವನ್ನು ಬಗೆಬಗೆಯಾಗಿ ಕಂಡವನು. ಇಷ್ಟು ಸಂತೃಪ್ತವಾದದ್ದನ್ನು ಕಂಡಿರಲಿಲ್ಲ.

ಆಕೆ ಮಾತ್ರ ನಗಲಿಲ್ಲ. "ಸಾರ್," ಎಂದಳು, "ಅದು ಕಡತವನ್ನು ತೆರೆದಿಲ್ಲ. ಅಳಿಸಿದೆ."

"ಏನು?"

"ಇವರು ತೆಗಿ ಅಂದರು. ತೆಗೆ ಅಂದರೆ ಅಳಿಸು ಅಂತ ನಮ್ಮ ಸೂಚನೆಯಲ್ಲಿದೆ. ಕಸ ತೆಗೆ, ಮುಳ್ಳು ತೆಗೆ, ಆ ಅರ್ಥದಲ್ಲಿ."

"ಬಾಗ್ಲು ತೆಗಿ ಅಂತೀವಲ್ಲಮ್ಮಾ," ಎಂದ ಲ್ಯಾಬಿನವನು, ಇನ್ನೂ ಅರ್ಥವಾಗದೆ. "ಬಾಗ್ಲು ಕಿತ್ಕಂಡು ಓಗ್ತಾರಾ?"

ಆಕೆ ನನ್ನ ಕಡೆ ತಿರುಗಿದಳು. ಆಕೆಯ ಮನೆಯ ತಮಿಳಿನಲ್ಲಿ ಬಾಗಿಲಿಗೆ ಒಂದು ಪದ, ಕಸಕ್ಕೆ ಇನ್ನೊಂದು. ಶಾಲೆಯ ಕನ್ನಡದಲ್ಲೂ ಬಾಗಿಲನ್ನು ತೆರೆಯುತ್ತಾರೆ, ಕಸವನ್ನು ತೆಗೆಯುತ್ತಾರೆ. ನಮ್ಮ ಕಡೆ ಹಳ್ಳಿಯಲ್ಲಿ ಮಾತ್ರ ಬಾಗಿಲು, ಬಾಯಿ, ಕಣ್ಣು, ಕಸ, ಮುಳ್ಳು ಎಲ್ಲಕ್ಕೂ ಒಂದೇ ತೆಗಿ. ಗಡಿಯಾಚೆಯ ತೆಲುಗಿನಲ್ಲೂ ಹಾಗೇ. ಈ ತಪ್ಪನ್ನು ಮಾಡಲು ಕನ್ನಡವನ್ನು ಚೆನ್ನಾಗಿ ಓದಿರಬೇಕು, ಕೇಳಿರಬಾರದು. ಇಲ್ಲವೇ ನಮ್ಮ ಮಾಲೀಕನ ಹಾಗೆ, ದಿನಾ ಬೆಳಿಗ್ಗೆ "ಬಾಗ್ಲು ತೆಗಿಯೇ" ಎಂದು ಕೂಗುತ್ತಿದ್ದರೂ ತಾನು ಏನು ಅನ್ನುತ್ತಿದ್ದೇನೆಂದು ಎಂದೂ ಕೇಳಿಸಿಕೊಂಡಿರಬಾರದು.

"ಸೋಮವಾರ ಹುಡುಗರೆಲ್ಲ ಬಂದು ಫೈಲ್ ತೆಗಿ, ಫೈಲ್ ತೆಗಿ ಅಂತಾರೆ," ಎಂದೆ ನಾನು. "ಮಧ್ಯಾಹ್ನದ ಹೊತ್ತಿಗೆ ಲ್ಯಾಬು ಸಾರಿಸಿ ರಂಗೋಲಿ ಹಾಕಿದ ಹಾಗಿರುತ್ತದೆ."

ಲ್ಯಾಬಿನವನಿಗೆ ಈಗ ಹೊಳೆಯಿತು. ಸೊಂಟದ ಬೀಗದ ಕೈ ಹಿಡಿದುಕೊಂಡ. "ಅಯ್ಯಯ್ಯೋ, ಬ್ಯಾಡ ಸಾಮಿ. ಹುಡುಗ್ರು ನನ್ನ ಸಿಗ್ದಾಕ್ತಾರೆ."

"ಆ ಪದವನ್ನೇ ತೆಗೆದುಬಿಡೋಣ ಸಾರ್," ಎಂದಳು ಆಕೆ.

"ಆಗಲ್ಲ," ಎಂದ ಮಾಲೀಕ. "ಫ್ಲೆಕ್ಸ್ ಕಟ್ಟಿಸಿಬುಟ್ಟಿದೀನಿ."

ಕಾಲೇಜಿನ ಗೇಟಿಗೆ ಒಂದು ಫ್ಲೆಕ್ಸು, ಬಂಗಾರಪೇಟೆ ಸ್ಟೇಷನ್ ರಸ್ತೆಗೆ ಇನ್ನೊಂದು. ಮೊಬೈಲಿನಲ್ಲಿ ಚಿತ್ರ ತೋರಿಸಿದ. ಎಡಗಡೆ ಆತನ ಕೈಮುಗಿದ ಫೋಟೊ. ಬಲಗಡೆ ಹಳದಿ ಅಕ್ಷರದಲ್ಲಿ: ಬರಿ ಅಂದ್ರೆ ಬರಿಯುತ್ತೆ, ತೆಗಿ ಅಂದ್ರೆ ತೆಗಿಯುತ್ತೆ! ಸಾಹಿತ್ಯ ಆತನದೇ. ಅದನ್ನು ಬರೆಯುವಾಗ ಆತನ ಮನಸ್ಸಿನಲ್ಲಿ ಇದ್ದದ್ದು ತೆರೆಯುವುದೋ ಅಳಿಸುವುದೋ ಎಂದು ಕೇಳಿದೆ. "ಎಲ್ಡೂ" ಎಂದ.

"ಹಾಗಾದರೆ ತೆಗಿ ಅಂದಾಗ ಅದು ಒಂದು ಸಲ ಕೇಳಲಿ ಸಾರ್. ತೆರೆಯಲೇ, ಅಳಿಸಲೇ ಅಂತ. ಐದು ನಿಮಿಷದ ಕೆಲಸ."

"ಕೇಳ್ಬಾರ್ದು. ಕೇಳ್ಕಂಡ್ ಕೂತ್ರೆ ಅದೆಂಥಾ ಬುದ್ವಂತ? ಕೇಳೋಕೆ ಇವ್ರೇ ಇದಾರಲ್ಲ ಪ್ರೊಫೆಸರ್ರು." ಗಡಿಯಾರ ನೋಡಿದ. "ಟೈಮಾಯ್ತು. ಒತ್ತು. ಹುಡುಗ್ರಿಗೆ ತೆರೆ ಅನ್ನೋಕೆ ಹೇಳ್ಕೊಟ್ರಾಯ್ತು."

ಆಮೇಲೆ ನಡೆದದ್ದು ನನ್ನ ನೆನಪಿನಲ್ಲಿ ಇರುವುದು ಹೀಗೆ. ಆಕೆ ತಮಿಳಿನಲ್ಲಿ ತನಗೆ ತಾನೇ ಏನೋ ಅಂದುಕೊಂಡಳು. ಆಮೇಲೆ ಕುರ್ಚಿ ಎಳೆದು ಕೂತು, "ಆಯ್ತು ಸಾರ್. ಪ್ರಶ್ನೆ ಬೇಡ. ನನ್ ಹೆಸರು ತೆಗೀತೀನಿ" ಎಂದಳು.

"ನಿನ್ ಹೆಸ್ರು ತೆಗ್ಯೋದಾ? ಯಾಕಮ್ಮಾ, ಮಾಡ್ದೋಳು ನೀನು."

"ಖಾಲಿ ಬಿಡುವ ಹಾಗಿಲ್ಲ ಸಾರ್, ಯಾರದಾದರೂ ಇರಬೇಕು. ನಿಮ್ಮದು ಹಾಕ್ತೀನಿ. ಇನಿಷಿಯಲ್ ಮುಂದೆ ಬರಬೇಕಾ, ಹಿಂದೆ ಬರಬೇಕಾ?"

ಕೆಳಗಡೆ ಆಟೊದವನೊಬ್ಬ "ಆಂಡರ್ಸನ್‌ಪೇಟೆ, ಆಂಡರ್ಸನ್‌ಪೇಟೆ" ಎಂದು ಕೂಗುವುದು ಕೇಳಿಸುತ್ತಿತ್ತು. ಮಾಲೀಕ ಲ್ಯಾಬಿನವನ ಮುಖ ನೋಡಿದ. ಲ್ಯಾಬಿನವನು, "ಹಾಕ್ಕಳಿ ಸಾಮಿ, ನಿಮ್ ಫೋಟೊನೇ ಐತಲ್ಲ ಗೇಟಲ್ಲಿ. ಹುಡುಗ್ರಿಗೂ ಮನೆ ಹುಡ್ಕೋಕೆ ಸಲೀಸು" ಎಂದ. ಅದು ವ್ಯಂಗ್ಯವೋ ಭಕ್ತಿಯೋ ಇವತ್ತಿಗೂ ನನಗೆ ತಿಳಿಯದು.

"ಕೇಳ್ಲಿ ಬಿಡಮ್ಮಾ," ಎಂದ ಮಾಲೀಕ, ಬಹಳ ದಣಿದವನ ಹಾಗೆ. "ಒಂದ್ಸಲ ತಾನೇ. ಪೋನೀ, ಕೇಳ್ಲಿ."

ಆಕೆ ಬರೆದಳು. ನಾನು ಓಡಿಸಿ ನೋಡಿದೆ: ಒಂದು ಕಡತ ಮಾಡಿ, ತೆಗಿ ಎಂದೆ. ಪರದೆ ಖಾಲಿಯಾಯಿತು. ಮತ್ತೆ ಅಳಿಸಿತ್ತು.

ಕಾರಣ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ವಾರದ ಆರಂಭದಲ್ಲಿ ಒಂದು ಪ್ರತಿ ಇಟ್ಟುಕೊಳ್ಳೋಣವೆಂದು ಆಕೆ ಹೇಳಿದಾಗ ಮಾಲೀಕ ಉತ್ಸಾಹದಿಂದ ತಾನೇ ಪ್ರತಿ ಮಾಡಿ, ತನ್ನ ಬಾಯಿಗೆ ಬಂದ ಹಾಗೆ ಫೋಲ್ಡರಿಗೆ ‘ಒಸದು’ ಎಂದು ಹೆಸರಿಟ್ಟಿದ್ದ. ಆಕೆ ಅದನ್ನು ನೋಡಿ, ಮುಖ ಸಿಂಡರಿಸಿ, ಇನ್ನೊಂದು ಪ್ರತಿ ಮಾಡಿ ‘ಹೊಸದು’ ಎಂದು ಸರಿಯಾಗಿ ಬರೆದಿದ್ದಳು. ಎರಡೂ ಅಕ್ಕಪಕ್ಕ ಕೂತಿದ್ದವು, ಎರಡೂ ಹೊಸದೇ. ತಿದ್ದಿದ್ದು ‘ಹೊಸದು’ವಿನಲ್ಲಿ; ಯಂತ್ರ ಓಡಿಸುತ್ತಿದ್ದದ್ದು ‘ಒಸದು’ವನ್ನು. ಅದನ್ನು ಬದಲಿಸಿ ಮತ್ತೆ ಹೇಳಿದೆ. ಈ ಸಲ ಒಂದು ಸಾಲು ಬಂತು: ತೆರೆಯಲೇ, ಅಳಿಸಲೇ?

ನಾಡು ನುಡಿ ಎಂದು ನವೆಂಬರ್ ತಿಂಗಳಿಡೀ ಮೈಕಿನಲ್ಲಿ ಅಳುವವರಿಗೆ ಈ ಎರಡು ಫೋಲ್ಡರುಗಳನ್ನು ತೋರಿಸಬೇಕೆಂದು ನನಗೆ ಆಗ ಅನಿಸಿತ್ತು. ಒಂದು ಹಕಾರದ ಮೇಲೆ ಇಡೀ ಕಾಲೇಜಿನ ವರ್ಷದ ಕೆಲಸ ನಿಂತಿತ್ತು, ಒಬ್ಬಳ ಹೆಸರೂ.

ಹತ್ತು ಗಂಟೆ ದಾಟಿತ್ತು. ಬಟನ್ ತಾನೇ ಒತ್ತುತ್ತೇನೆಂದು ಮಾಲೀಕ ಕುರ್ಚಿಗೆ ಬಂದ. ಬಿಡುಗಡೆ ಮಾಡುವಾಗ ಯಾವ ಫೋಲ್ಡರು ಎಂದು ಅದು ಕೇಳುತ್ತದೆ, ಆರಿಸಿ ಒತ್ತಬೇಕು. ಆಕೆ ಪಕ್ಕದಲ್ಲೇ ನಿಂತು ತೋರಿಸಲು ಹೊರಟಳು. ಆತ ಬಿಡಲಿಲ್ಲ. "ಹೆಣ್ಮಗಳು ನೀನು, ಆರತಿ ಹಿಡ್ಕೋ." ಕರ್ಪೂರ ಹಚ್ಚಿದ ತಟ್ಟೆಯನ್ನು ಕೈಗೆ ಕೊಟ್ಟು ಕಂಪ್ಯೂಟರಿನ ಹಿಂಭಾಗಕ್ಕೆ ನಿಲ್ಲಿಸಿದ. ಹೀಗೆ, ಅದನ್ನು ಮಾಡಿದ ಹೆಂಗಸು ಅದರ ಬೆನ್ನಿಗೆ ಆರತಿ ಎತ್ತುತ್ತಿರುವಾಗ, ಅದೇನೆಂದು ತಿಳಿಯದ ಗಂಡಸು ಅರಿಶಿನದ ಬೆರಳಿನಲ್ಲಿ ಮೌಸು ಹಿಡಿದು ಅದನ್ನು ಲೋಕಕ್ಕೆ ಬಿಟ್ಟ. ಲ್ಯಾಬಿನವನು ನಿಂಬೆಹಣ್ಣು ಮೆಟ್ಟಿದ.

ಒತ್ತಿದ್ದೇ ತಡ, ಮಾಲೀಕ ಯಂತ್ರವನ್ನು ಆಫ್ ಮಾಡಿಬಿಟ್ಟ. ಮಂಗಳಾರತಿ ಆದ ಮೇಲೆ ಆ ದಿನ ಮುಟ್ಟಬಾರದಂತೆ. ಆಯುಧಪೂಜೆಯಲ್ಲಿ ಟ್ರ್ಯಾಕ್ಟರ್ ಮುಟ್ಟುತ್ತಾರೇನ್ರೀ ಎಂದು ನನ್ನನ್ನೇ ಕೇಳಿದ. ಆಫೀಸಿಗೆ ಬೀಗ ಹಾಕಿ, ಸೋಮವಾರ ಬನ್ನಿ ಎಂದು ಹೊರಟುಹೋದ. ಪ್ಲಗಿನ್ನುಗಳ ಅಂಗಡಿಯವರು ನೋಡಿ ಒಪ್ಪಿದ ಮೇಲಷ್ಟೇ ಅದು ಹೊರಗಿನವರಿಗೆ ಕಾಣುವುದು. ಅದೂ ಸೋಮವಾರದ ಹೊತ್ತಿಗೇ.

ಮೆಟ್ಟಿಲು ಇಳಿಯುವಾಗ ಆಕೆ ಕೇಳಿದಳು. "ಅಣ್ಣಾ, ನೀವು ಪರದೆ ಕಡೆ ಇದ್ರಲ್ಲಾ. ಸಾರ್ ಒತ್ತಿದ್ದು ಯಾವುದು?"

"ಹೊಸದು," ಎಂದೆ.

"ಸರಿಯಾಗಿ ನೋಡಿದ್ರಾ? ಹ ಇತ್ತಾ?"

"ಇತ್ತು."

ಉರಿಗಾಂ ಕಡೆಯ ಬಸ್ಸಿಗೆ ಆಕೆ ಹತ್ತಿದಳು. ನಾನು ಸ್ಟೇಷನ್ನಿಗೆ ನಡೆದೆ. ರೈಲು ಬರುವಷ್ಟರಲ್ಲಿ ಆ ಹಕಾರ ನನ್ನ ಕಣ್ಣೆದುರು ಅಳಿಸಿಹೋಗಿತ್ತು. ಕರ್ಪೂರದ ಹೊಗೆ ನೆನಪಿತ್ತು, ಮೌಸಿನ ಮೇಲಿನ ಹಳದಿ ಬೆರಳು ನೆನಪಿತ್ತು. ಅಕ್ಷರ ಮಾತ್ರ, ಹ ಎಂದುಕೊಂಡರೆ ಹ, ಒ ಎಂದುಕೊಂಡರೆ ಒ. ಶನಿವಾರ ಆಕೆ ಫೋನ್ ಮಾಡಿದಳು. ಏನೂ ವಿಶೇಷವಿಲ್ಲ ಎಂದಳು. ಮನೆಯಲ್ಲಿ ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿಬಿಟ್ಟಿದ್ದಾಳೆ, ಕಾಲೇಜಿನ ಕಂಪ್ಯೂಟರುಗಳಲ್ಲೆಲ್ಲ ಮಗಳ ಹೆಸರು ಬರುತ್ತದಂತೆ ಎಂದು. ಆಮೇಲೆ ಅದೇ ಪ್ರಶ್ನೆ: "ಹ ಇತ್ತಲ್ಲಾ ಅಣ್ಣಾ?" ಇತ್ತು ಎಂದೆ. ಬೇರೇನು ಹೇಳಲಿ? ಸಂಖ್ಯಾಶಾಸ್ತ್ರದವನಾಗಿ ಅರ್ಧಕ್ಕರ್ಧ ಸಂಭವ ಎನ್ನಬಹುದಿತ್ತು. ಅದರಿಂದ ಯಾರಿಗೂ ನಿದ್ದೆ ಬರುವುದಿಲ್ಲ.

ಈಗ ಆ ಬೆಳಿಗ್ಗೆಯ ಬಗ್ಗೆ ಕೇಳಿದರೆ ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ. ಒಂದ್ಸಲ ಕೇಳ್ಲಿ ಎನ್ನುವ ಉಪಾಯ ತನ್ನದೇ ಎಂದು ಮಾಲೀಕ ಸನ್ಮಾನ ಸಭೆಗಳಲ್ಲಿ ಹೇಳಿಕೊಂಡು ತಿರುಗುತ್ತಾನೆ. ತೆಗಿ ಎಂದರೆ ಡಿಲೀಟು ಎಂದು ತಾನು ಅಂದೇ ಇಲ್ಲವಂತೆ. ವಿದ್ಯಾರ್ಥಿಯನ್ನು ಕಳ್ಳ ಎಂದು ಬೈದದ್ದು ಲ್ಯಾಬಿನವನಿಗೆ ನೆನಪಿಲ್ಲ. ಹೆಚ್ಚಿನ ಆಶ್ಚರ್ಯವೆಂದರೆ ಹೆಸರು ತೆಗೀತೀನಿ ಎಂದದ್ದು ಆಕೆಗೂ ನೆನಪಿಲ್ಲ. "ನಾನು ಹಾಗೆಲ್ಲ ಸಾರ್‌ಗೆ ಹೇಳ್ತೀನಾ ಅಣ್ಣಾ? ನೀವೇ ಮನಸ್ಸಲ್ಲಿ ಸೇರಿಸ್ಕೊಂಡಿರ್ತೀರಿ" ಎಂದು ನಗುತ್ತಾಳೆ. ಸೇರಿಸಿಕೊಂಡಿರಬಹುದು. ಗುರುವಾರಕ್ಕೆ ಮೊಟ್ಟೆ ಪಫ್ ಸೇರಿಸಿದವನು ಇನ್ನೇನನ್ನು ಸೇರಿಸುವುದಿಲ್ಲ?

ಒಂದನ್ನು ಮಾತ್ರ ನಾನು ನೆನಪಿಗೆ ಬಿಡದೆ ಹೋಗಿ ನೋಡಿದೆ. ಸೋಮವಾರ ನಾನು ರೈಲು ಹತ್ತಲಿಲ್ಲ. ತರಗತಿ ಶುರುವಾಗುವ ಮುಂಚೆ ಬಂಗಾರಪೇಟೆಯ ಆ ಕಾಲೇಜಿಗೆ ನಡೆದುಹೋದೆ. ಗೇಟಿನಲ್ಲಿ ಮಾಲೀಕ ಗಾಳಿಗೆ ಉಬ್ಬಿ ಕೈಮುಗಿಯುತ್ತಿದ್ದ. ಲ್ಯಾಬಿನವನು ಆಗಷ್ಟೇ ಬಂದು ಸ್ಕೂಟರಿನಿಂದ ಖಾಲಿ ಕ್ಯಾನು ಬಿಚ್ಚುತ್ತಿದ್ದ.

"ಏನ್ ಸಾಮಿ, ಇಷ್ಟೊತ್ಗೇ? ಬಂದೈತೆ ಬಂದೈತೆ, ಎಲ್ಲಾ ಮಿಷನ್‌ಗೂ ಇಳೀತು. ಹುಡುಗ್ರು ಬರೋಗಂಟ ಯಾರೂ ಮುಟ್ಬ್ಯಾಡಿ ಅಂದವ್ರೆ ಪ್ರಿನ್ಸಿಪಾಲ್ರು."

"ಒಂದೇ ನಿಮಿಷ. ಬಾಗಿಲು ತೆಗೀರಿ," ಎಂದೆ.

ಆತ ಬೀಗದ ಕೈ ಹಾಕಿ ತೆಗೆದ. ನಾನು ಕಿಟಕಿ ಪಕ್ಕದ ಯಂತ್ರದ ಮುಂದೆ ಕೂತೆ. ಮಕ್ಕಳ ಯಾವ ಕೆಲಸಕ್ಕೂ ಕೈ ಹಚ್ಚದೆ ನನ್ನದೇ ಒಂದು ಹೊಸ ಕಡತ ಮಾಡಿ, ಅದರಲ್ಲಿ ನಾಲ್ಕು ಅಕ್ಷರ ಗೀಚಿ, ಮುಚ್ಚಿದೆ. ಪರದೆಯ ಪಕ್ಕದ ಸಹಾಯಕನಿಗೆ ಬರೆದೆ: ಫೈಲು ತೆಗಿ.

ಅದು ಕೇಳಿತು: ತೆರೆಯಲೇ, ಅಳಿಸಲೇ? ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮಾಡಿದವರ ಹೆಸರಿತ್ತು. ಆಕೆಯದೇ, ಇನಿಷಿಯಲ್ಲು ಮುಂದೆ.